ಅಜ್ಜಿಯನ್ನು ಹೊತ್ತು ತಂದ ಯೋಧರಿಗೆ

2019ರ ಆಗಸ್ಟ್. ಮೂಡಿಗೆರೆ ಕಡೆ ಗುಡ್ಡ ಜರಿದು ನಮ್ಮೂರ ರಸ್ತೆಯೇ ಇಲ್ಲವಾಗಿತ್ತು. ಅಜ್ಜಿಗೆ ಉಸಿರಾಟದ ತೊಂದರೆ. ಹೆಲಿಕಾಪ್ಟರ್ ಬರುತ್ತದೆಂದು ಕಣದಲ್ಲಿ ಆಕಾಶ ನೋಡುತ್ತ ನಿಂತಿದ್ದೆವು. ನೀವು ಬಂದು ನಿಜ ಹೇಳಿದಿರಿ: ಧ್ರುವ್, ಎಂಐ-17, ಯಾವ ಹೆಲಿಕಾಪ್ಟರೇ ಆಗಲಿ, ನೆಲಕ್ಕಿಳಿಯದೆಯೇ ಹಗ್ಗ ಬಿಟ್ಟು ಜನರನ್ನು ಮೇಲೆತ್ತಬಲ್ಲದು, ಆದರೆ ಪೈಲಟ್‌ಗೆ ನೆಲ ಕಾಣಬೇಕು, ಈ ಮಂಜಿನಲ್ಲಿ ಗುಡ್ಡಕ್ಕೋ ಕರೆಂಟ್ ತಂತಿಗೋ ತಗುಲೀತು. "ಕಾಯೋದು ಬೇಡ, ಅಜ್ಜಿನ ನಾವೇ ಹೊರೋಣ" ಎಂದಿರಿ. ಕುರ್ಚಿಗೆ ಬಿದಿರು ಕಟ್ಟಿ, ಮೊಣಕಾಲುದ್ದ ಕೆಸರಲ್ಲಿ ಹೆಗಲು ಕೊಟ್ಟಿರಿ. ದಾರಿಯುದ್ದಕ್ಕೂ ಅಜ್ಜಿ ನಿಮ್ಮನ್ನು 'ಮಗಾ' ಅಂತಲೇ ಕರೆದರು. ಹೆಸರು ಕೇಳುವಷ್ಟರಲ್ಲಿ ಇನ್ನೊಂದು ಮನೆ ಕಡೆ ಹೊರಟುಬಿಟ್ಟಿದ್ದಿರಿ. ಅಜ್ಜಿ ಆಮೇಲೆ ಮೂರು ವರ್ಷ ನಮ್ಮೊಂದಿಗಿದ್ದರು. ಹೆಲಿಕಾಪ್ಟರ್ ಇಳಿಯಲು ತಂತಿ, ಮರ ಇಲ್ಲದ ಬಯಲೊಂದನ್ನು ಮಳೆಗಾಲಕ್ಕೆ ಮೊದಲೇ ಗುರುತಿಟ್ಟುಕೊಳ್ಳಿ ಎಂದಿದ್ದಿರಿ. ಶಾಲೆ ಮೈದಾನವನ್ನು ಹಾಗೇ ಉಳಿಸಿಕೊಂಡಿದ್ದೇವೆ, ಅಣ್ಣ.