ಮನೆ ನಾಯಿಯ ಬೇಟೆ ತಡೆಯಲು ಹಗ್ಗ ಬೇಕು, ಬೆತ್ತವಲ್ಲ

ಸಂಪಾದಕರೇ,

ಬೀದಿನಾಯಿಗಳ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಹೊಟ್ಟೆ ತುಂಬ ಉಂಡು ಅಂಗಳದಲ್ಲಿ ಮಲಗುವ ಮನೆ ನಾಯಿಯ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಮಲೆನಾಡಿನ ತೋಟದ ಮನೆಗಳ ಆಸುಪಾಸಿನಲ್ಲಿ ಮೊಲ, ಬರಿಂಕ (ಇಲಿಜಿಂಕೆ), ಉಡ, ಮುಂಗುಸಿ, ಕಾಡುಕೋಳಿ ಮರಿಗಳನ್ನು ಕೊಲ್ಲುವುದರಲ್ಲಿ, ಬೆಳಗಿನ ಜಾವ ಸರಪಳಿ ಬಿಚ್ಚಿದ ಈ ನಾಯಿಯ ಪಾಲು ಸಣ್ಣದಲ್ಲ. ಅದು ಮೊಲ ಕಚ್ಚಿಕೊಂಡು ಬಂದರೆ ‘ಚುರುಕು ನಾಯಿ’ ಎಂದು ತಲೆ ಸವರುವವರೇ ಹೆಚ್ಚು.

‘ಸರಿಯಾಗಿ ಊಟ ಹಾಕಿದರೆ ಬೇಟೆ ಬಿಡುತ್ತದೆ’ ಎನ್ನುವುದು ತಪ್ಪು ನಂಬಿಕೆ. ಹಸಿವು ಬೇರೆ, ಬೇಟೆಯ ತುಡಿತ ಬೇರೆ. ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚಿ ಕೊಡವುವುದು, ಹರಿದು ತಿನ್ನುವುದು ಎಂದು ನಾಯಿಯ ಬೇಟೆ ಒಂದು ಸರಪಳಿಯಂತೆ ಸಾಗುತ್ತದೆ. ಇದರ ಕೆಲವು ಕೊಂಡಿಗಳನ್ನು ಬಲಪಡಿಸಿ, ಕೆಲವನ್ನು ಸಡಿಲಿಸಿ ಮನುಷ್ಯ ತಳಿಗಳನ್ನು ಬೆಳೆಸಿದ್ದಾನೆ. ಕುರಿ ಕಾಯುವ ಕೋಲಿ ದಿಟ್ಟಿಸಿ ಅಟ್ಟುವಲ್ಲಿಗೆ ನಿಲ್ಲುತ್ತದೆ. ಮುಧೋಳದ ನಾಯಿಗೆ ದೂರದಲ್ಲಿ ಏನೋ ಓಡಿದ್ದು ಕಂಡರೆ ಸಾಕು. ಬೀಗಲ್ ಮೂಗಿನ ಹಿಂದೆ ಹೋಗುತ್ತದೆ, ಡ್ಯಾಶ್‌ಹುಂಡ್ ಬಿಲ ಕಂಡಲ್ಲಿ ಕೆರೆಯುತ್ತದೆ. ನಮ್ಮ ನಾಟಿ ನಾಯಿಯಲ್ಲಿ ಇಡೀ ಸರಪಳಿ ಹಾಗೆಯೇ ಉಳಿದಿರುವುದು ಸಾಮಾನ್ಯ. ಅಟ್ಟುವುದೇ ನಾಯಿಗೆ ಒಂದು ಸುಖ. ಹಾಗಾಗಿಯೇ ಕೊಂದ ಅಳಿಲನ್ನು ಮುಟ್ಟಿಯೂ ನೋಡದೆ ಅದು ಮನೆಗೆ ಬಂದು ಅನ್ನ ತಿನ್ನುತ್ತದೆ.

ಆದ್ದರಿಂದ ತಡೆಯುವುದಿದ್ದರೆ ಸರಪಳಿಯ ಆರಂಭದಲ್ಲೇ ತಡೆಯಬೇಕು. ಬೇಟೆ ಕಣ್ಣಿಗೆ ಬಿದ್ದೊಡನೆ ನಾಯಿಯ ಕಿವಿ ಮುಂದಕ್ಕೆ ಬರುತ್ತದೆ, ತೆರೆದ ಬಾಯಿ ಫಕ್ಕನೆ ಮುಚ್ಚುತ್ತದೆ, ಬಾಲ ಬಿಗಿಯಾಗುತ್ತದೆ, ಕೆಲವೊಮ್ಮೆ ಒಂದು ಮುಂಗಾಲು ಮೇಲೇಳುತ್ತದೆ. ನಮಗೆ ಸಿಗುವುದು ಆ ಒಂದೆರಡು ಕ್ಷಣ ಮಾತ್ರ. ಓಡಲು ಶುರುಮಾಡಿದ ಮೇಲೆ ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ.

ಅದಕ್ಕೆ ಬೇಕಾದದ್ದು ಹತ್ತು ಮೀಟರಿನ ಹಗ್ಗ ಮತ್ತು ಎದೆಪಟ್ಟಿ (ಹಾರ್ನೆಸ್). ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬಾರದು. ವೇಗವಾಗಿ ಓಡಿದ ನಾಯಿ ಹಗ್ಗದ ತುದಿ ಮುಟ್ಟಿದಾಗ ಇಡೀ ಏಟು ಕುತ್ತಿಗೆಗೆ ಬೀಳುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡರೆ ನಮ್ಮ ಬೆರಳು ಮುರಿದೀತು. ತೆಳು ನೈಲಾನ್ ಕೈ ಕೊಯ್ಯುತ್ತದೆ, ಅಗಲ ಪಟ್ಟಿ ಅಥವಾ ದಪ್ಪ ಹತ್ತಿಯ ಹಗ್ಗ ಒಳ್ಳೆಯದು. ಹಗ್ಗ ಎಳೆದುಕೊಂಡು ತಿರುಗಲೆಂದು ನಾಯಿಯನ್ನು ಕಾಫಿ ಗಿಡಗಳ ನಡುವೆ ಒಂಟಿಯಾಗಿ ಬಿಟ್ಟರೆ ಅದೇ ಉರುಳಾಗುತ್ತದೆ.

ಕಲಿಕೆ ಅಂಗಳದಲ್ಲೇ ಶುರುವಾಗಲಿ. ಸೀಟಿ ಊದಿ, ನಾಯಿ ತಿರುಗಿ ನೋಡಿದ ಕೂಡಲೇ ಬೆಂದ ಕೋಳಿಯ ಈಲಿಯ ಒಂದು ಚೂರು ಕೊಡಿ. ದಿನಕ್ಕೆ ಐದೈದು ನಿಮಿಷದ ಎರಡು ಪಾಠ ಸಾಕು. ಹತ್ತರಲ್ಲಿ ಒಂಬತ್ತು ಸಲ ತಿರುಗುವಂತಾದ ಮೇಲೆ ಗೇಟಿನಾಚೆ, ಆಮೇಲೆ ತೋಟದಲ್ಲಿ, ಯಾವಾಗಲೂ ಹಗ್ಗ ಇದ್ದೇ. ಬಿಸ್ಕತ್ತಿಗೆ ಮೊಲದ ಮುಂದೆ ಬೆಲೆಯಿಲ್ಲ, ಆದ್ದರಿಂದ ಈ ಸೀಟಿಗೆ ಮೀಸಲಾದ ತಿನಿಸು ಬೇರೆ ಹೊತ್ತಿನಲ್ಲಿ ಸಿಗಬಾರದು. ಹೆಚ್ಚಿನವರು ಎಡವುವುದು ಇಲ್ಲಿ: ತಡವಾಗಿಯಾದರೂ ಹಿಂತಿರುಗಿದ ನಾಯಿಗೆ ಬಾರಿಸುತ್ತಾರೆ. ‘ಹಿಂದೆ ಹೋದರೆ ಏಟು’ ಎಂಬುದನ್ನಷ್ಟೇ ಅದು ಕಲಿಯುತ್ತದೆ. ಕೊಂದ ಕೋಳಿಯನ್ನು ಅದರ ಕೊರಳಿಗೆ ಕಟ್ಟುವುದೂ ಹಿಂಸೆಯೇ ಹೊರತು ಪಾಠವಲ್ಲ.

ಇಷ್ಟಾದರೂ ತುಡಿತ ಅಳಿಯುವುದಿಲ್ಲ, ಹತೋಟಿಗೆ ಬರುತ್ತದೆ ಅಷ್ಟೆ. ಮೊಲ, ಬರಿಂಕ, ಪುನುಗು ಬೆಕ್ಕು ಓಡಾಡುವ ನಸುಕು, ಮುಸ್ಸಂಜೆ, ರಾತ್ರಿಯ ಹೊತ್ತಿನಲ್ಲಿ ನಾಯಿ ಕಟ್ಟಿಯೇ ಇರಲಿ, ಇಲ್ಲವೇ ಬೇಲಿಯೊಳಗಿರಲಿ. ಬೇಲಿಯಡಿ ಕೆರೆಯುವ ನಾಯಿಯಾದರೆ, ತಂತಿಬಲೆಯನ್ನು ಬುಡದಲ್ಲಿ ಒಳಮುಖವಾಗಿ ಎರಡು ಅಡಿ ಮಡಚಿ ನೆಲಕ್ಕೆ ಹಾಸಿ ಮಣ್ಣು ಮುಚ್ಚಬೇಕು. ಮಾರ್ಚ್‌ನಿಂದ ಮಳೆಗಾಲದವರೆಗೆ ಟಿಟ್ಟಿಭ ಹಕ್ಕಿ ಬಯಲು ನೆಲದಲ್ಲೇ ಮೊಟ್ಟೆಯಿಡುತ್ತದೆ, ಆಗ ಇನ್ನಷ್ಟು ಎಚ್ಚರ ಬೇಕು. ಮೊಲದ ಮರಿ ಒಂಟಿಯಾಗಿ ಅಲುಗಾಡದೆ ಕೂತಿದ್ದರೆ ತಾಯಿ ಬಿಟ್ಟುಹೋಗಿದೆ ಎಂದುಕೊಳ್ಳಬೇಡಿ. ತಾಯಿ ಮೊಲ ಮರಿಯ ಬಳಿ ಬರುವುದು ಹಾಲೂಡಿಸುವ ಸ್ವಲ್ಪ ಹೊತ್ತು ಮಾತ್ರ. ನಾಯಿಯನ್ನು ಅಲ್ಲಿಂದ ಕರೆದೊಯ್ದರೆ ಸಾಕು.

ನಾಯಿ ಕಚ್ಚಿ ಬಿಟ್ಟ ಪ್ರಾಣಿ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿ ಕಂಡರೂ ನಂಬಬಾರದು. ಕೋರೆಹಲ್ಲಿನ ತೂತು ಕೂದಲಡಿ ಮುಚ್ಚಿರುತ್ತದೆ, ಒಳಗೆ ನಂಜೇರಿ ಒಂದೆರಡು ದಿನದಲ್ಲಿ ಸಾಯಬಹುದು. ಬಟ್ಟೆ ಹೊದಿಸಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಗಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಬಾಯಿಗೆ ಹಾಲು, ನೀರು ಹನಿಸಿದರೆ ಶ್ವಾಸಕೋಶಕ್ಕಿಳಿದು ಸಾಯಬಹುದು. ಬರಿಗೈಯಲ್ಲಿ ಮುಟ್ಟಬೇಡಿ. ಮುಂಗುಸಿಗೂ ರೇಬೀಸ್ ಇರಬಹುದು. ಕಚ್ಚಿದರೆ ಸಾಬೂನು ಹಚ್ಚಿ 15 ನಿಮಿಷ ಹರಿವ ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ನಷ್ಟ ನಾಯಿಗೂ ಇದೆ. ಪೊದೆಗೆ ಮೂಗು ಹಾಕಿದಾಗ ಕೊಳಕುಮಂಡಲ ಕಚ್ಚುತ್ತದೆ. ಹಂದಿಗೆಂದು ಒಡ್ಡಿದ ಉರುಳಿಗೆ ಕೊರಳು ಕೊಡುವುದು ಹಲವು ಬಾರಿ ನಾಯಿಯೇ. ಕೆಲವು ಬಗೆಯ ವಿಷ ತಿಂದ ಇಲಿಯನ್ನು ನುಂಗಿದರೆ ರಕ್ತ ಹೆಪ್ಪುಗಟ್ಟದೆ ಕೆಲವು ದಿನಗಳ ಮೇಲೆ ಒಳಗೆ ಸ್ರಾವವಾಗುತ್ತದೆ. ಒಸಡು ಬಿಳಿಚಿದ್ದು ಕಂಡ ತಕ್ಷಣ ವೈದ್ಯರ ಬಳಿ ಹೋಗಿ, ಇಲಿ ಪಾಷಾಣದ ಹೆಸರು ಹೇಳಿ. ಕಾಡಿಗೆ ರೋಗ ಒಯ್ಯುವುದೂ ನಾಯಿಯೇ. 2018ರಲ್ಲಿ ಗಿರ್ ಕಾಡಿನಲ್ಲಿ ಸತ್ತ ಸಿಂಹಗಳಲ್ಲಿ ಪತ್ತೆಯಾದದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಸ್. ರೇಬೀಸ್ ಲಸಿಕೆಯೊಂದನ್ನೇ ಹಾಕಿಸಿ ಸುಮ್ಮನಾಗುವವರು ಡಿಸ್ಟೆಂಪರ್ ಲಸಿಕೆಯನ್ನೂ ಕೇಳಿ ಹಾಕಿಸಬೇಕು.

ಯುಗಾದಿಯ ದಿನಗಳಲ್ಲಿ ನಾಯಿ ಬಿಟ್ಟು ಮೊಲ ಹಿಡಿಯುವವರಿಗೆ ಇಷ್ಟು ತಿಳಿದಿರಲಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಟ್ಟಿಸುವುದೂ ಬೇಟೆ, ಅದರ ಪ್ರಯತ್ನವೂ ಬೇಟೆ. ಉಡ, ಚಿಪ್ಪುಹಂದಿಗಳಂತೂ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿವೆ.

ಸೆಪ್ಟೆಂಬರ್ 28ರ ರೇಬೀಸ್ ದಿನಕ್ಕೆ ಪಶು ಆಸ್ಪತ್ರೆಗಳಲ್ಲಿ ಲಸಿಕಾ ಶಿಬಿರ ನಡೆಯುತ್ತದೆ, ನಾಯಿ ಹಿಡಿದವರು ಸಾಲಾಗಿ ನಿಂತಿರುತ್ತಾರೆ. ಕಾಡಂಚಿನ ಊರುಗಳ ಶಿಬಿರಗಳಿಗೆ ಅರಣ್ಯ ಇಲಾಖೆಯವರೂ ಬಂದು, ಉದ್ದ ಹಗ್ಗ ಹಿಡಿಯುವ ಬಗೆಯನ್ನು ಅಲ್ಲೇ ಒಂದು ನಾಯಿಗೆ ಕಟ್ಟಿ ತೋರಿಸಲಿ ಎಂದು ಎರಡೂ ಇಲಾಖೆಗಳನ್ನು ಕೋರುತ್ತೇನೆ.

– ಓದುಗ, ತೀರ್ಥಹಳ್ಳಿ