ಅಡ್ಡಹೆಸರಲ್ಲ, ಹೊಲದ ಬೆನ್ನು ಹತ್ತು

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನನ್ನ ಅಜ್ಜನಿಗೆ, ಅಂದರೆ ನಿನ್ನ ಮುತ್ತಜ್ಜನಿಗೆ, ನಮ್ಮ ಈಗಿನ ಅಡ್ಡಹೆಸರು ಮಲತಂದೆಯ ಮನೆಯಿಂದ ಬಂದಿರಬಹುದೇ ಎಂದು ಕೇಳಿದ್ದೀಯ. ಇರಬಹುದು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಧಾರವಾಡ ಸೀಮೆಯ ಒಕ್ಕಲುತನದ ಮನೆಗಳಲ್ಲಿ ವಿಧವೆಯರ ಉಡಿಕೆ, ಅಂದರೆ ಮರುಮದುವೆ, 1856ರ ವಿಧವಾ ಪುನರ್ವಿವಾಹ ಕಾಯ್ದೆಗೂ ಮೊದಲಿನಿಂದ ನಡೆದುಬಂದ ರೂಢಿ. 1898ರಲ್ಲಿ ಹುಬ್ಬಳ್ಳಿ ಕಡೆ ಪ್ಲೇಗು ಬಡಿಯಿತು, 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಗಂಡನನ್ನು ಮಣ್ಣು ಮಾಡಿ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಇನ್ನೊಂದು ಮನೆ ಹೊಕ್ಕವರು ಆ ಕಾಲದಲ್ಲಿ ಒಬ್ಬಿಬ್ಬರಲ್ಲ. ಹಿರಿಯರ ಮುಂದೆ ಮಾತ್ರ "ನಿಜವಾದ ಅಪ್ಪ ಯಾರು" ಎಂದು ಬಾಯಿ ತೆಗೆಯಬೇಡ. ಅನ್ನ ಹಾಕಿದವನನ್ನು ಸುಳ್ಳು ಅಪ್ಪ ಎಂದಂತಾಗುತ್ತದೆ. "ಅಜ್ಜ ಹುಟ್ಟಿದ ಊರು ಯಾವುದು" ಎಂದು ಕೇಳು, ಹೇಳುತ್ತಾರೆ.

ನೀನು ಅಡ್ಡಹೆಸರೊಂದನ್ನೇ ಹಿಡಿದು ಹೊರಟಿದ್ದೀಯ. ಅದು ನಿನ್ನನ್ನು ಮಲತಂದೆಯ ವಂಶಕ್ಕೆ ಒಯ್ದು ಬಿಡುತ್ತದೆ ಅಷ್ಟೆ. ಶಾಲೆಯ ಜನರಲ್ ರಜಿಸ್ಟರನ್ನೂ ಪೂರ್ತಿ ನಂಬಬೇಡ. ಹುಡುಗನ ಕೈ ಹಿಡಿದು ಕರೆತಂದವನ ಹೆಸರನ್ನೇ ಮಾಸ್ತರರು ತಂದೆಯ ಹೆಸರೆಂದು ಬರೆದುಕೊಂಡಿರಬಹುದು. ಜನ್ಮದಿನಾಂಕವಂತೂ ಬಹಳ ಸಲ ಅವರ ಅಂದಾಜು. ಹೊಲದ ಕಾಗದದ ಮಾತೇ ಬೇರೆ. ಅಲ್ಲಿ ಇಲ್ಲದವನ ಹೆಸರು ಸೇರಿದರೆ ತಕರಾರಿಗೆ ನಿಲ್ಲುವ ದಾಯಾದಿಗಳಿರುತ್ತಾರೆ.

1856ರ ಕಾಯ್ದೆ ಮರುಮದುವೆಯಾದವಳಿಗೆ ಸತ್ತ ಗಂಡನ ಆಸ್ತಿಯ ಮೇಲಿದ್ದ ಹಕ್ಕನ್ನು ಕಿತ್ತುಕೊಂಡಿತು, ಮಗನ ಹಕ್ಕನ್ನು ಮುಟ್ಟಲಿಲ್ಲ. ತಾಯಿಯ ಜೊತೆ ಊರು ಬಿಟ್ಟ ಹುಡುಗನ ಹೆಸರು ಹುಟ್ಟಿದ ಊರಿನ ಕಾಗದದಲ್ಲಿ ಉಳಿದಿರುವ ಸಾಧ್ಯತೆ ಇರುವುದು ಇದರಿಂದಲೇ. ನಮ್ಮ ಧಾರವಾಡ ಆಗ ಸೇರಿದ್ದ ಮುಂಬೈ ಪ್ರಾಂತದಲ್ಲಿ, ಯಾವ ಹೊಲ ಯಾರದೆಂದು ಬರೆದಿಡುವ ಹಕ್ಕುದಾಖಲೆ 1903ರ ಕಾನೂನಿನಿಂದ ಶುರುವಾಯಿತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ವಾರಸಾ ನೋಂದಣಿಗಳ ನಕಲು ಕೇಳು. ಸತ್ತವನ ಹೆಸರು ತೆಗೆದು, ಅಪ್ರಾಪ್ತ ಮಗನ ಹೆಸರು ಹಚ್ಚಿ, ಪಾಲಕನೆಂದು ಕಾಕಾನನ್ನೋ ತಾಯಿಯನ್ನೋ ಬರೆದ ಒಂದು ಸಾಲು ಸಿಕ್ಕರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ. ಮನೆ ಕೂಡಿಯೇ ಇದ್ದರೆ ಹಿರಿಯ ಕಾಕಾನ ಹೆಸರೊಂದೇ ಇರಬಹುದು. ಆಗ ಮುಂದಿನ ವಾಟ್ನಿ, ಅಂದರೆ ಪಾಲು ಹಂಚಿಕೆಯ ಕಾಗದವನ್ನೋ, ಅಜ್ಜ ಪ್ರಾಯಕ್ಕೆ ಬಂದ ಮೇಲೆ ಬರೆದುಕೊಟ್ಟಿರಬಹುದಾದ ಹಕ್ಕು ಬಿಡುಗಡೆ ಪತ್ರವನ್ನೋ ಹುಡುಕು. ಅಕ್ಷರ ಜೋಡಿಸಿ ಬರೆದದ್ದು ನಿನಗೆ ಓದಲು ಬರದಿದ್ದರೆ ನಕಲು ನನಗೆ ಕಳಿಸು. ಇಂಥವನ್ನು ಓದಿಯೇ ನನ್ನ ನೌಕರಿ ಕಳೆದದ್ದು.

ನಮ್ಮೂರಿನ ಹೊಲವನ್ನೂ ಪರೀಕ್ಷಿಸು. ಹಿಂದೂ ಕಾನೂನಿನಲ್ಲಿ ಮಲಮಗ ಮಲತಂದೆಯ ವಾರಸುದಾರನಲ್ಲ. ಹೊಲ ಅಜ್ಜನ ಹೆಸರಿಗೆ ಬಂದದ್ದು ಬಕ್ಷೀಸು (ದಾನ) ಪತ್ರದಿಂದಲೋ ದತ್ತಕ ಪತ್ರದಿಂದಲೋ ಆಗಿದ್ದರೆ ನಿನ್ನ ಅನುಮಾನಕ್ಕೆ ಬಲ ಬರುತ್ತದೆ. ಸಾದಾ ವಾರಸಾ ಆಗಿದ್ದರೆ ಸ್ವಲ್ಪ ತಡೆದು ಯೋಚಿಸು. ಅವನನ್ನು ಹೊಟ್ಟೆಯ ಮಗನೆಂದೇ ಬರೆಸಿರಲೂಬಹುದು, ಊರವರು ಸುಮ್ಮನಿದ್ದಿರಲೂಬಹುದು.

ಕಾಗದದಲ್ಲಿಲ್ಲದ ಒಂದು ಸುಳಿವು ನಿನ್ನ ಅತ್ತೆಯ ಹತ್ತಿರವಿದೆ. ಅವಳಿಗೆ ನವಲಗುಂದ ಕಡೆಯ ಒಂದು ಮನೆಯಿಂದ ವರ ಬಂದಿತ್ತು. ಅಡ್ಡಹೆಸರು ಬೇರೆ, ಹಳೆಯ ಬೀಗತನವೂ ಇಲ್ಲ. ಅಜ್ಜ ಎಲೆ ಅಡಿಕೆ ತಟ್ಟೆಯನ್ನು ಸರಿಸಿ, "ಅವರು ನಮಗೆ ಅಣ್ಣತಮ್ಮಂದಿರಾಗುತ್ತಾರೆ, ಆಗುವುದಿಲ್ಲ" ಎಂದು ಎದ್ದುಬಿಟ್ಟ. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ನಾಡಿನಲ್ಲಿ ಗೊತ್ತಿಲ್ಲದ ಮನೆಗೆ ಹಾಗೆ ಬಾಗಿಲು ಹಾಕಬೇಕಾದರೆ ಕಾರಣ ಇರಲೇಬೇಕು. ಹುಡುಕಾಟವನ್ನು ಆ ಮನೆಯಿಂದ ಶುರುಮಾಡು ಎಂಬುದೇ ನನ್ನ ಸಲಹೆ. ನಮ್ಮ ಅಡ್ಡಹೆಸರಿನ ಉಳಿದವರೆಲ್ಲ ಮನೆದೇವರೆಂದು ಗೊಡಚಿ ವೀರಭದ್ರನಿಗೆ ನಡೆದುಕೊಂಡರೆ ಅಜ್ಜ ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗುತ್ತಿದ್ದ. ಇದನ್ನು ಹೆಚ್ಚು ಎಳೆಯಬೇಡ, ಹರಕೆಯೂ ಇರಬಹುದು.

ಡಿಎನ್‌ಎ ಪರೀಕ್ಷೆಯ ಮಾತು ಬರೆದಿದ್ದೀಯ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ಇಳಿಯುವುದರಿಂದ ಅದನ್ನು ನಿನ್ನ ತಮ್ಮ ಮಾಡಿಸಬೇಕು, ಆ ಮನೆಯ ಗಂಡಸೊಬ್ಬನೂ ಒಪ್ಪಬೇಕು. ಹೊಂದಿಕೆಯಾದರೂ ವಂಶ ಒಂದೇ ಎಂದು ಗೊತ್ತಾದೀತು, ತಂದೆ ಯಾರೆಂದು ಅದು ಹೇಳುವುದಿಲ್ಲ. ಪರಿಚಯವಾಗುವ ಮೊದಲೇ ಎಂಜಲು ಕೇಳಿಕೊಂಡು ಹೋಗಬೇಡ.

ವಂಶಾವಳಿ ಹೇಳುವ ಹೆಳವರು ಸುಗ್ಗಿ ಮುಗಿದ ಮೇಲೆ ಆ ಕಡೆಯ ಊರುಗಳಿಗೆ ಬರುತ್ತಾರೆ. ಅವರ ಪುಸ್ತಕದಲ್ಲಿರುವುದು ಗಂಡುಸಂತಾನದ ಲೆಕ್ಕ. ಆ ಮನೆಯ ಹಾಳೆಯಲ್ಲಿ ನಮ್ಮ ಅಜ್ಜನ ಹೆಸರಿದೆಯೇ ನೋಡಬೇಕು. ಬಂದ ಸುದ್ದಿ ತಿಳಿದ ಕೂಡಲೇ ಫೋನ್ ಮಾಡುತ್ತೇನೆ, ರಜೆ ಹಾಕಿ ಬಾ. ಅವರಿಗೆ ಕೊಡಲು ಜೋಳವನ್ನೋ ದುಡ್ಡನ್ನೋ ನಾನು ನೋಡಿಕೊಳ್ಳುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ