ಸಂಗೀತಕ್ಕೂ ಒಂದು ಪೂರ್ವರಂಗ ಇರಲಿ

ಸಂಪಾದಕರಿಗೆ ನಮಸ್ಕಾರ.

ಚೌತಿ ಹಬ್ಬ ಮುಗಿದು ನಮ್ಮ ಕೇರಿಯ ಚಪ್ಪರ ಬಿಚ್ಚಿಯೂ ಆಯಿತು. ಆದರೆ ಆ ಒಂದು ರಾತ್ರಿ ಇನ್ನೂ ನನ್ನ ಕಿವಿಯಲ್ಲೇ ಇದೆ. ಅದಕ್ಕೇ ಈ ಪತ್ರ.

ನಾನು ಕಾರವಾರದ ಕೋಡಿಬಾಗದವನು. ಹಗಲು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಬೆಳಗಿನ ಜಾವ ಮತ್ತು ರಾತ್ರಿ ಕೊಳಲು. ಆರು ವರ್ಷದಿಂದ ಕಲಿಯುತ್ತಿದ್ದೇನೆ. ಭಾನುವಾರ ಬಸ್ ಹಿಡಿದು ಘಟ್ಟ ಹತ್ತಿ ಶಿರಸಿಗೆ ಹೋಗುವುದು, ಗುರುಗಳ ಮುಂದೆ ಕೂತು ಪಾಠ ಹೇಳಿಸಿಕೊಳ್ಳುವುದು, ಸಂಜೆ ವಾಪಸ್. ಈ ಸಲದ ಚೌತಿಗೆ ನಮ್ಮ ಕೇರಿಯ ಗಣಪತಿಯ ಎದುರು ಮೊದಲ ಬಾರಿ ಜನರ ಮುಂದೆ ನುಡಿಸಿದೆ. ಒಟ್ಟು 25 ನಿಮಿಷ.

ನನಗಿಂತ ಮೊದಲು ಗುಮಟೆಯವರು ಹಾಡಿದ್ದರು. ಗುಮಟೆ ನೋಡಿದ್ದೀರಲ್ಲ, ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ತೆರೆದರೆ ನಾದವೇ ಬದಲಾಗುತ್ತದೆ. ಅವರು ಚಪ್ಪರವನ್ನು ಚೆನ್ನಾಗಿ ಬಿಸಿ ಮಾಡಿಟ್ಟಿದ್ದರು. ನನಗೆ ಮಾತ್ರ ಕೈಯೆಲ್ಲ ತಣ್ಣಗೆ. ಹೊರಗೆ ಮಳೆ ಬೇರೆ. ಥಂಡಿಗೆ ತಬಲದ ಚರ್ಮ ಸಡಿಲವಾಗಿ ಸ್ವರ ಇಳಿದಿತ್ತು. ತಬಲಾ ಮಾಮ ಸುತ್ತಿಗೆಯಿಂದ ಸುತ್ತಲೂ ತಟ್ಟಿ ತಟ್ಟಿ ಅದನ್ನು ಮೇಲೆ ತರುತ್ತಿದ್ದರು. ಕೊಳಲಿನದೂ ಅದೇ ಕಥೆ, ತಣ್ಣಗಿದ್ದಾಗ ಸ್ವರ ಸ್ವಲ್ಪ ಕೆಳಗೆ, ಊದಿ ಬೆಚ್ಚಗಾದ ಹಾಗೆ ಏರುತ್ತದೆ, ಹಾಗಾಗಿ ಮೊದಲು ಐದು ನಿಮಿಷ ಊದಿಯೇ ಶ್ರುತಿ ಸೇರಿಸಬೇಕು. ಅಷ್ಟಾಗುವಾಗ ಸಮುದ್ರದ ಕಡೆಯಿಂದ ಗಾಳಿ ಬಂತು. ಊದುವ ತೂತಿನ ಮೇಲೆ ಗಾಳಿ ಅಡ್ಡ ಬೀಸಿದರೆ ಸ್ವರ ಹುಟ್ಟುವುದೇ ಇಲ್ಲ. ಮನೆಯೊಳಗೆ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದವನಿಗೆ ಇದು ಹೇಗೆ ಗೊತ್ತಿರಬೇಕು? ಗಾಳಿಗೆ ಬೆನ್ನು ಕೊಟ್ಟು ತಿರುಗಿ ಕೂತೆ. "ಹೆದರಬೇಡ ಮಾರಾಯ, ನಾನಿದ್ದೇನೆ" ಎಂದರು ಮಾಮ.

ಭೂಪಾಲಿ ರಾಗ, ಮಧ್ಯಲಯದ ತೀನತಾಲ. ಐದೇ ಸ್ವರ, ಹದಿನಾರು ಮಾತ್ರೆ. ಮನೆಯಲ್ಲಿ ಎಷ್ಟು ನೂರು ಸಲ ನುಡಿಸಿದ್ದೇನೋ ಲೆಕ್ಕವಿಲ್ಲ. ಆದರೂ ಒಂದು ತಾನ್, ಅಂದರೆ ಸ್ವರಗಳ ವೇಗದ ಓಟ, ಎತ್ತಿದವನು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿದೆ ಎಂದು ಮರೆತುಬಿಟ್ಟೆ. ಆಗ ಮಾಮ ನನ್ನ ಮುಖ ನೋಡಿದರು. ಕೈಚಳಕವನ್ನೆಲ್ಲ ಬಿಟ್ಟು ಬರೀ ಠೇಕಾ, ಅಂದರೆ ತಾಳದ ಮೂಲ ನಡೆ, ಹಿಡಿದರು, ಸಮ್ ಬಂದ ಕೂಡಲೇ 'ಧಾ' ಎಂದು ಸ್ವಲ್ಪ ಜೋರಾಗಿ ಕೊಟ್ಟರು. ನಾನು ಅಲ್ಲಿಗೆ ಬಂದು ಸೇರಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಬ್ಬರು ತೊಡೆ ತಟ್ಟಿ "ಹಾಂ" ಎಂದರು. ಆ ಒಂದು "ಹಾಂ" ಕೇಳಿದಾಗ ಆದ ಸಂತೋಷ ಹೇಗೆ ಹೇಳಲಿ? ಫೋನಿನಲ್ಲಿ ರೆಕಾರ್ಡ್ ಮಾಡುವಾಗ ತಪ್ಪಿದರೆ ಅಳಿಸಿ ಮತ್ತೆ ನುಡಿಸುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ತಪ್ಪಿದ್ದು ಎಲ್ಲರಿಗೂ ಗೊತ್ತಾಯಿತು, ಮತ್ತೆ ಸೇರಿದ್ದು ಇನ್ನೂ ಜಾಸ್ತಿ ಗೊತ್ತಾಯಿತು.

ಕೊನೆಗೆ ಹೆಂಗಸರ ಕಡೆಯಿಂದ ಒಂದು ಅಭಂಗ ನುಡಿಸು ಎಂದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಚಪ್ಪರದಲ್ಲಿದ್ದವರೆಲ್ಲ ಹಾಡುತ್ತಿದ್ದರು, ಚಪ್ಪಾಳೆ, ತಾಳ, ಮಕ್ಕಳ ಕೂಗು ಎಲ್ಲ ಸೇರಿ ನಾನು ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೋ ಅವರೇ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಾರೋ ಒಂದೂ ತಿಳಿಯಲಿಲ್ಲ. ಇಳಿದು ಬಂದಾಗ ಪಕ್ಕದ ಮನೆಯಣ್ಣ ಕೈ ಹಿಡಿದುಕೊಂಡರು. ಅವರು ದಿನಾ ಬೆಳಗಿನ ಜಾವ ದೋಣಿಗೆ ಹೋಗುವವರು. "ನಿನ್ನ ಕೊಳಲು ಶುರುವಾದಾಗಲೇ ನಾನು ಬಲೆ ಹೊತ್ತು ಹೊರಡುವುದು. ಪೂರ್ತಿ ಕೇಳಿದ್ದು ಇವತ್ತೇ" ಎಂದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಸಬರಿಗೆ ಇಂಥ 25 ನಿಮಿಷ ಸಿಗುವುದೇ ಕಷ್ಟ. ಹೋದ ವರ್ಷ ಒಂದು ಕಡೆ ನನಗೆ 7 ಗಂಟೆಗೆ ಅವಕಾಶ ಎಂದಿದ್ದರು. ಭಾಷಣ, ಸನ್ಮಾನ ಎಂದು ಒಂಬತ್ತೂವರೆ ಆಯಿತು. ಆಮೇಲೆ "ಎರಡೇ ನಿಮಿಷ ನುಡಿಸಿ" ಎಂದರು. ಎರಡು ನಿಮಿಷದಲ್ಲಿ ಕೊಳಲು ಬೆಚ್ಚಗೂ ಆಗುವುದಿಲ್ಲ. ಪೆಟ್ಟಿಗೆ ಮುಚ್ಚಿಕೊಂಡು ಮನೆಗೆ ಬಂದೆ.

ನಮ್ಮ ಯಕ್ಷಗಾನದವರು ಇದಕ್ಕೆ ಯಾವತ್ತೋ ದಾರಿ ಮಾಡಿಟ್ಟಿದ್ದಾರೆ, ಅಲ್ವಾ? ಪ್ರಸಂಗಕ್ಕೆ ಮೊದಲು ಪೂರ್ವರಂಗ. ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ ಕುಣಿಯುವವರು ಆಗಷ್ಟೇ ಕಲಿಯುತ್ತಿರುವ ಹುಡುಗರು. ಹಾಡುವುದಕ್ಕೂ ಆಗ ಎಳೆಯ ಭಾಗವತರು. ದೊಡ್ಡ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವಷ್ಟರಲ್ಲಿ ರಂಗಸ್ಥಳದಲ್ಲಿ ಹೊಸಬರ ಕಾಲು ಗಟ್ಟಿಯಾಗುತ್ತಿತ್ತು. ಕಾಲಮಿತಿಯ ಆಟ ಬಂದ ಮೇಲೆ ಅದೂ ಕಡಿಮೆಯಾಗಿದೆ, ಆ ಬೇಸರ ನನಗಿದೆ.

ನಮ್ಮ ಜಿಲ್ಲೆಯಲ್ಲಿ ಸಂಗೀತಕ್ಕೇನು ಬರವಿಲ್ಲ. ಹಾಸಣಗಿ ಎಂಬ ಊರಿನ ಹೆಸರು ದೇಶಕ್ಕೆ ಗೊತ್ತಾದದ್ದು ಬಸವರಾಜ ರಾಜಗುರುಗಳ ಹತ್ತಿರ ಕಲಿತ ಗಣಪತಿ ಭಟ್ಟರ ಹಿಂದೂಸ್ತಾನಿ ಹಾಡಿನಿಂದ. ಹಾಲಕ್ಕಿ ಸಮುದಾಯದ ಜನಪದ ಹಾಡುಗಾರ್ತಿ, ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಆ ಹಾಲಕ್ಕಿ ಹಾಡುಗಳೆಲ್ಲ ಮನೆಯಂಗಳದಲ್ಲಿ, ಗದ್ದೆಯಲ್ಲಿ, ಮದುವೆ ಚಪ್ಪರದಲ್ಲಿ, ಕೇಳುವ ಜನರ ನಡುವೆಯೇ ಬೆಳೆದವು.

ಹಾಗಾಗಿ ಉತ್ಸವ, ಜಾತ್ರೆ, ಗಣಪತಿ, ನವರಾತ್ರಿ ನಡೆಸುವ ಎಲ್ಲರಲ್ಲೂ ಕೇಳುವುದು ಇಷ್ಟೇ. ಮುಖ್ಯ ಕಾರ್ಯಕ್ರಮಕ್ಕೆ ಮೊದಲು ಅರ್ಧ ಗಂಟೆ ನಮ್ಮೂರಿನ ಹೊಸಬರಿಗೆ ಎಂದು ಎತ್ತಿಡಿ. ಅದನ್ನು ಭಾಷಣಕ್ಕೆ ಕೊಡಬೇಡಿ. ಕರೆಯೋಲೆಯಲ್ಲಿ ಹೆಸರು ಹಾಕಿ. ಮೈಕ್ ಸೆಟ್‌ನವರಿಗೆ ಹೇಳಿ ಸಂಜೆ ಒಂದು ಹತ್ತು ನಿಮಿಷ ಮೈಕ್ ನೋಡಿಕೊಳ್ಳಲು ಬಿಡಿ, ಇಲ್ಲದಿದ್ದರೆ ಮೊದಲ ಹಾಡಿಡೀ ಕುಂಯ್ ಎನ್ನುವುದರಲ್ಲೇ ಹೋಗುತ್ತದೆ. ನಮಗೆ ದುಡ್ಡು ಬೇಡ, ಆದರೆ ತಬಲಾ, ಹಾರ್ಮೋನಿಯಂ ಸಾಥಿಗೆ ಬರುವವರ ಖರ್ಚಾದರೂ ಕೊಡಿ. ಓದುಗರು ಅರ್ಧ ಗಂಟೆ ಮೊದಲೇ ಬನ್ನಿ. ಖಾಲಿ ಕುರ್ಚಿಗೆ ನುಡಿಸುವುದಾದರೆ ಮನೆಯಲ್ಲೇ ನುಡಿಸಬಹುದು.

ನಮ್ಮ ಕೇರಿಯವರು ಒಪ್ಪಿದ್ದಾರೆ. ನವರಾತ್ರಿಯ ಮೊದಲ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದಾಸರ ಪದ ಹಾಡುತ್ತಾಳೆ, ಅವಳಿಗೆ ಇದೇ ಮೊದಲು. ತಬಲಕ್ಕೆ ಅದೇ ಮಾಮ. ಸಂಜೆ ಆರೂವರೆಗೆ ಶುರು. ನಾನು ಆರಕ್ಕೇ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ.

ಇತಿ,
ಒಬ್ಬ ಕೊಳಲು ವಾದಕ
ಕೋಡಿಬಾಗ, ಕಾರವಾರ